ಅಕ್ಷರದ ರೂಪ, ಓದುಗರ ಮುನಿಸು



ಪತ್ರಿಕೆಯಲ್ಲಿ ಸುದ್ದಿ ತಪ್ಪಾಗಿ ಬಂದರೆ ಓದುಗರು ಸಿಟ್ಟಾಗುತ್ತಾರೆ. ಅದು ಸಹಜ. ಆದರೆ ಸುದ್ದಿಯೆಲ್ಲ ಸರಿಯಾಗಿಯೇ ಇದ್ದು, ಅದನ್ನು ಅಚ್ಚು ಹಾಕಿದ ಅಕ್ಷರದ ರೂಪವಷ್ಟೇ ಬದಲಾದಾಗಲೂ ಓದುಗರು ಮುನಿಸಿಕೊಳ್ಳುವುದುಂಟು. ಅಕ್ಷರ ದುಂಡಗಿದ್ದರೇನು, ಕೋನಕೋನವಾಗಿದ್ದರೇನು, ಅರ್ಥ ಒಂದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಷ್ಟು ಸರಳವಲ್ಲ ಎಂಬುದಕ್ಕೆ ಜರ್ಮನಿಯ ಪತ್ರಿಕೆಯೊಂದರ ಪ್ರಸಂಗ ಒಳ್ಳೆಯ ನಿದರ್ಶನ.

‘ಫ್ರಾಂಕ್‌ಫರ್ಟರ್ ಅಲ್ಗೆಮೈನೆ ತ್ಸೈಟುಂಗ್’ ಅಲ್ಲಿನ ಪ್ರತಿಷ್ಠಿತ ದಿನಪತ್ರಿಕೆ. ಆರಂಭವಾದದ್ದು 1949ರ ನವೆಂಬರ್ 1ರಂದು. ಮುಖಪುಟದಲ್ಲಿ ಚಿತ್ರವಿಲ್ಲ, ವಿಶೇಷ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ಅವಕಾಶ. ಪತ್ರಿಕೆಯ ಹೆಸರೂ ಅಭಿಪ್ರಾಯ ಲೇಖನಗಳ ತಲೆಬರಹಗಳೂ ಹಳೆಯ ಕಾಲದ ಕೋನಾಕಾರದ ಅಕ್ಷರಗಳಲ್ಲಿ. 2007ರ ಅಕ್ಟೋಬರ್ 5ರಂದು ಇದು ಬದಲಾಯಿತು. ಮುಖಪುಟಕ್ಕೆ ದಿನವೂ ಬಣ್ಣದ ಚಿತ್ರ ಬಂತು. ಲೇಖನಗಳ ತಲೆಬರಹಕ್ಕೆ ಎಲ್ಲರಿಗೂ ಪರಿಚಿತವಾದ ರೋಮನ್ ಅಕ್ಷರ ಬಂತು. ಪ್ರತಿಭಟಿಸಿ ಅನೇಕ ಓದುಗರು ಪತ್ರ ಬರೆದರು. ಪತ್ರಿಕೆ ತನ್ನ ನಿರ್ಧಾರದಿಂದ ಹಿಂದೆ ಸರಿಯಲಿಲ್ಲ. ಆದರೆ ಹೆಸರನ್ನು ಮಾತ್ರ ಹಳೆಯ ಅಕ್ಷರದಲ್ಲೇ ಉಳಿಸಿಕೊಂಡಿತು.

ಈ ಹಳೆಯ ಅಕ್ಷರಗಳ ಬಗೆಗೆ ಎರಡು ಮಾತು. ಅಗಲ ಮೂತಿಯ ಲೇಖನಿಯಿಂದ ಬರೆದ ಕೈಬರಹದಿಂದ ಹುಟ್ಟಿದ ರೂಪ ಇದು. ಇದರ ಒಂದು ಬಗೆಗೆ ‘ಫ್ರಾಕ್ಟೂರ್’ ಎಂದು ಹೆಸರು. ಗೆರೆಗಳು ಬಾಗುವ ಬದಲು ಮುರಿದಂತೆ ಕಾಣುವುದರಿಂದ ಆ ಹೆಸರು. 16ನೇ ಶತಮಾನದಿಂದ ಸುಮಾರು ನಾಲ್ಕು ನೂರು ವರ್ಷ ಜರ್ಮನ್ ಪುಸ್ತಕಗಳೂ ಪತ್ರಿಕೆಗಳೂ ಹೆಚ್ಚಾಗಿ ಅಚ್ಚಾದದ್ದು ಇದರಲ್ಲೇ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರ ಕಾಲದ ಜರ್ಮನಿಯಲ್ಲೂ ಇದೇ ಬಳಕೆಯಲ್ಲಿತ್ತು. ಜರ್ಮನ್ ಭಾಷೆಗೆ ಯಾವ ಅಕ್ಷರ ತಕ್ಕದ್ದು ಎಂಬ ವಾದ 1911ರಲ್ಲಿ ಸಂಸತ್ತಿನವರೆಗೂ ಹೋಗಿತ್ತು.

ಈ ಅಕ್ಷರಗಳನ್ನು ಕಂಡೊಡನೆ ಹಲವರಿಗೆ ಹಿಟ್ಲರನ ನೆನಪಾಗುತ್ತದೆ. ಅವನ ಪಕ್ಷ ಮೊದಮೊದಲು ಇದನ್ನು ಅಚ್ಚ ಜರ್ಮನ್ ಅಕ್ಷರವೆಂದು ಮೆರೆಸಿದ್ದು ನಿಜ. ಆದರೆ ಇದನ್ನು ಕೈಬಿಡುವಂತೆ ಆಜ್ಞೆ ಹೊರಟದ್ದೂ ಅದೇ ಸರ್ಕಾರದಿಂದ! 1941ರ ಜನವರಿ 3ರಂದು ಹಿಟ್ಲರನ ಪರವಾಗಿ ಮಾರ್ಟಿನ್ ಬೋರ್ಮನ್ ಸಹಿ ಮಾಡಿದ ಸುತ್ತೋಲೆಯು ಇವು ಯೆಹೂದಿ ಅಕ್ಷರಗಳೆಂದೂ ಇನ್ನು ಮುಂದೆ ರೋಮನ್ ಅಕ್ಷರವೇ ಬಳಕೆಯಾಗಬೇಕೆಂದೂ ಸಾರಿತು. ಆ ಆರೋಪಕ್ಕೆ ಚರಿತ್ರೆಯ ಆಧಾರವೇ ಇರಲಿಲ್ಲ. ಗೆದ್ದ ದೇಶಗಳ ಜನರಿಗೆ ಈ ಅಕ್ಷರ ಓದಲು ಬಾರದಿದ್ದುದೇ ನಿಜವಾದ ಕಾರಣ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಸುತ್ತೋಲೆಯ ಕಾಗದದ ಮೇಲೆ ಪಕ್ಷದ ಹೆಸರು ಅಚ್ಚಾಗಿದ್ದುದು ಮಾತ್ರ ಅದೇ ಹಳೆಯ ಅಕ್ಷರದಲ್ಲಿ!

ಇಲ್ಲಿ ಗಮನಿಸಬೇಕಾದದ್ದೇನು? ಅಕ್ಷರದ ರೂಪಕ್ಕೆ ತನ್ನದೇ ಆದ ಜಾತಿಯಿಲ್ಲ, ಪಕ್ಷವಿಲ್ಲ. ಅದೇ ಅಕ್ಷರ ಒಂದು ವರ್ಷ ದೇಶದ ಹೆಮ್ಮೆ, ಮತ್ತೊಂದು ವರ್ಷ ದೇಶದ ಶತ್ರು, ಎಂಟು ವರ್ಷಗಳ ನಂತರ ಗಂಭೀರ ಪತ್ರಿಕೆಯೊಂದರ ಗುರುತು. ಅರ್ಥ ಕೊಟ್ಟವರು ಅದನ್ನು ಬಳಸಿದ ಜನ. ಬೆಳಗಿನ ಕಾಫಿಯೊಂದಿಗೆ ವರ್ಷಗಟ್ಟಲೆ ಒಂದೇ ರೂಪವನ್ನು ಕಂಡ ಕಣ್ಣು ಅದನ್ನು ಮನೆಯವರ ಮುಖದಂತೆ ಗುರುತಿಸುತ್ತದೆ. ಆ ಮುಖ ಬದಲಾದರೆ ಪತ್ರಿಕೆಯ ಮನಸ್ಸೂ ಬದಲಾಯಿತೇ ಎಂಬ ಅನುಮಾನ ಮೂಡುತ್ತದೆ. ಓದುಗರ ಮುನಿಸಿನ ಹಿಂದಿರುವುದು ಈ ಅನುಮಾನ.

ಹಾಗೆಂದು ಪತ್ರಿಕೆ ಎಂದೂ ಬದಲಾಗಬಾರದೆಂದಲ್ಲ. ಮೊಳೆ ಜೋಡಣೆ ಹೋಗಿ ಕಂಪ್ಯೂಟರ್ ಬಂದಾಗ ನಮ್ಮ ಕನ್ನಡ ಪತ್ರಿಕೆಗಳ ಅಕ್ಷರಗಳೂ ಬದಲಾದವು. ಓದುಗರು ಹೊಸದಕ್ಕೂ ಒಗ್ಗಿಕೊಂಡರು. ಓದಲು ಸುಲಭವಾಗುವುದಾದರೆ ಬದಲಾವಣೆ ಬೇಕು. ಆದರೆ ಏಕೆ ಬದಲಾಯಿಸಿದೆವೆಂದು ಓದುಗರಿಗೆ ನೇರವಾಗಿ ಹೇಳುವ ಹೊಣೆ ಸಂಪಾದಕರದು. ಬಂದ ಆಕ್ಷೇಪಗಳನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ.

1941ರಲ್ಲೂ 2007ರಲ್ಲೂ ಹೋದದ್ದು ಹಳೆಯ ಅಕ್ಷರ, ಬಂದದ್ದು ರೋಮನ್ ಅಕ್ಷರ. ಆದರೆ ಮೊದಲ ಸಲ ಆಜ್ಞೆಯನ್ನು ಬಹಿರಂಗವಾಗಿ ಪ್ರಶ್ನಿಸುವ ಸ್ವಾತಂತ್ರ್ಯ ಓದುಗರಿಗಿರಲಿಲ್ಲ. ಎರಡನೆಯ ಸಲ ಅವರು ಕಾಗದ ತೆಗೆದುಕೊಂಡು ತಮ್ಮ ಸಿಟ್ಟನ್ನು ಸಂಪಾದಕರಿಗೆ ಬರೆದು ಕಳಿಸಿದರು. ಪತ್ರಿಕೆಗೆ ಅಂಥ ಓದುಗರು ಬೇಕು.