ಸಕಾಲ ಸೇವೆ ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಅಂಬಿಕಾನಗರ ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಆಡಳಿತ ಸುಧಾರಣೆಯ ಕುರಿತು ರಾಜ್ಯದಲ್ಲಿ ಚರ್ಚೆಗೆ ಕೊರತೆಯಿಲ್ಲ. 2021ರಲ್ಲಿ ಟಿ. ಎಂ. ವಿಜಯಭಾಸ್ಕರ್ ಅವರ ಅಧ್ಯಕ್ಷತೆಯಲ್ಲಿ ಎರಡನೆಯ ಆಡಳಿತ ಸುಧಾರಣಾ ಆಯೋಗವೂ ರಚನೆಯಾಯಿತು. ಆದರೆ ಪಂಚಾಯಿತಿ ಕಚೇರಿಯ ಮೆಟ್ಟಿಲೇರುವ ನಾಗರಿಕನ ಪ್ರಶ್ನೆಗಳು ಬಹಳ ಸರಳವಾದವು. ಅರ್ಜಿಯನ್ನು ತೆಗೆದುಕೊಳ್ಳುವರೇ? ಮತ್ತೆ ಯಾವ ದಿನ ಬರಬೇಕು? ಆ ದಿನ ಬಂದರೆ ಕೆಲಸ ಆಗಿರುವುದೇ?

ಈ ಭಾಗದಲ್ಲಿ ಇಂತಹ ಪ್ರಶ್ನೆಗಳಿಗೆ ಹೆಚ್ಚಿನ ತೂಕವಿದೆ. ಹಳಿಯಾಳದಿಂದ ಬೇರ್ಪಟ್ಟು ದಾಂಡೇಲಿ ಪ್ರತ್ಯೇಕ ತಾಲ್ಲೂಕಾದುದರಿಂದ ಕಚೇರಿ ಕೆಲವರಿಗೆ ಹತ್ತಿರವಾಗಿದೆ. ಆದರೂ ಕಾಡಿನೊಳಗಿನ ಗೌಳಿ ದಡ್ಡಿಗಳಿಂದ, ಜೋಯಿಡಾದ ಕುಣಬಿ ಊರುಗಳಿಂದ ಬರುವವರು ಬಸ್ಸು ಸಿಗುವ ರಸ್ತೆಯವರೆಗೆ ಮೊದಲು ನಡೆದೇ ಬರಬೇಕು. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಿಬರುವುದೆಂದರೆ ಒಂದು ಇಡೀ ದಿನ. ಒಂದು ಪ್ರಮಾಣಪತ್ರಕ್ಕೆ ಮೂರು ಬಾರಿ ಅಲೆದವನು ಮೂರು ದಿನದ ಕೂಲಿಯನ್ನು ಕಳೆದುಕೊಂಡಿರುತ್ತಾನೆ. ಸರ್ಕಾರ ಪಡೆಯುವ ಶುಲ್ಕ ಅದರ ಮುಂದೆ ಏನೂ ಅಲ್ಲ.

ಈ ಅಲೆದಾಟವನ್ನು ತಪ್ಪಿಸಲೆಂದೇ ಕರ್ನಾಟಕವು 2011ರಲ್ಲಿ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮವನ್ನು ರೂಪಿಸಿತು. 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ‘ಸಕಾಲ’ ಎಂಬ ಹೆಸರಿನಲ್ಲಿ ಅದು ರಾಜ್ಯದಾದ್ಯಂತ ಜಾರಿಗೆ ಬಂದಿತು. ಪ್ರತಿಯೊಂದು ಸೇವೆಗೂ ಕಾಲಮಿತಿಯುಂಟು, ಹೊಣೆಗಾರ ಅಧಿಕಾರಿಯೊಬ್ಬರುಂಟು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಮೊದಲ ಮೇಲ್ಮನವಿ, ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಎರಡನೆಯ ಮೇಲ್ಮನವಿಗೆ ಅವಕಾಶವಿದೆ. ವಿಳಂಬವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕೆಂದು ನಿಗದಿಯಾಯಿತು. ಮೊತ್ತ ಸಣ್ಣದೇ ಇರಬಹುದು; ಆದರೆ ವಿಳಂಬದ ನಷ್ಟವನ್ನು ನಾಗರಿಕನ ತಲೆಯಿಂದ ಇಳಿಸಿ ಕಚೇರಿಯ ಲೆಕ್ಕಕ್ಕೆ ಸೇರಿಸಿದ್ದು ದೊಡ್ಡ ಬದಲಾವಣೆ.

ಈ ಇಡೀ ವ್ಯವಸ್ಥೆ ನಿಂತಿರುವುದು ಒಂದು ಚೀಟಿಯ ಮೇಲೆ. ಅದು 15 ಅಂಕಿಗಳ ಸಂಖ್ಯೆಯನ್ನು ಹೊತ್ತ ಸ್ವೀಕೃತಿ ಪತ್ರ. ಅದು ಕೈಗೆ ಬಂದ ದಿನದಿಂದ ದಿನಗಣನೆ ಆರಂಭ. ಚೀಟಿಯಿಲ್ಲದೆ ಕಾಲಮಿತಿಯಿಲ್ಲ, ಮೇಲ್ಮನವಿಯಿಲ್ಲ, ಪರಿಹಾರವೂ ಇಲ್ಲ. ಸುಧಾರಣೆ ಸೋರಿಹೋಗುವ ಬಿರುಕು ಇರುವುದೂ ಇಲ್ಲಿಯೇ. “ದಾಖಲೆ ಸಾಲದು, ತೆಗೆದುಕೊಂಡು ಬನ್ನಿ”, “ಇಂದು ನೆಟ್‌ವರ್ಕ್ ಇಲ್ಲ”, “ಸಾಹೇಬರು ಸಭೆಗೆ ಹೋಗಿದ್ದಾರೆ” ಎಂಬ ಉತ್ತರ ಪಡೆದು ಹಿಂದಿರುಗಿದವನ ಅರ್ಜಿ ಯಾವ ಲೆಕ್ಕದಲ್ಲಿಯೂ ಕಾಣಿಸುವುದಿಲ್ಲ. ಸ್ವೀಕರಿಸಿದ ಅರ್ಜಿಗಳೆಲ್ಲವೂ ಸಕಾಲದಲ್ಲಿ ವಿಲೇವಾರಿಯಾಗಿವೆ ಎಂಬ ವರದಿ ಸತ್ಯವೇ ಆಗಿದ್ದರೂ, ಸ್ವೀಕರಿಸದೆ ಬಿಟ್ಟ ಅರ್ಜಿಗಳು ಆ ವರದಿಯ ಹೊರಗೇ ಉಳಿದಿರುತ್ತವೆ.

ಗೌಳಿ ದಡ್ಡಿಯ ಒಬ್ಬ ತಾಯಿ ವಿಧವಾ ವೇತನಕ್ಕಾಗಿ ಬಂದಿದ್ದಾಳೆಂದು ಭಾವಿಸಬಹುದು. ಅವಳ ಮನೆಮಾತು ಮರಾಠಿ. ಅರ್ಜಿ ನಮೂನೆ ಇರುವುದು ಕನ್ನಡದಲ್ಲಿ. ಬರೆಯಲು ಅವಳಿಗೆ ಬಾರದು. ಅವಳು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಾಳೆ, ತಿಂಗಳ ನಂತರ ಬಂದಾಗ “ಅರ್ಜಿಯೇ ಇಲ್ಲವಲ್ಲ” ಎಂಬ ಉತ್ತರ ಸಿಗುತ್ತದೆ. ಇಲ್ಲಿ ಯಾರೂ ಕಾನೂನು ಮುರಿದಿಲ್ಲ, ಆದರೂ ಅವಳಿಗೆ ಅನ್ಯಾಯವಾಗಿದೆ. ಉತ್ತರ ಕನ್ನಡದ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು; ಆ ಮನೆಯ ಮಗುವಿನ ವಿದ್ಯಾರ್ಥಿವೇತನವೂ ಒಂದು ಜಾತಿ ಪ್ರಮಾಣಪತ್ರವನ್ನು, ಎಂದರೆ ಮೊದಲಿಗೆ ಒಂದು ಸ್ವೀಕೃತಿಯನ್ನು, ಅವಲಂಬಿಸಿದೆ. ಮಾಹಿತಿ ಹಕ್ಕು ಅಧಿನಿಯಮ, 2005 ಈ ತೊಡಕನ್ನು ಚೆನ್ನಾಗಿ ಗುರುತಿಸಿದೆ. ಬರೆಯಲಾರದವರು ಬಾಯಿಮಾತಿನಲ್ಲಿ ಕೇಳಿದುದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಅದು ವಿಧಿಸುತ್ತದೆ. ಇದೇ ಪದ್ಧತಿಯನ್ನು ಉಳಿದ ಅರ್ಜಿಗಳಿಗೂ ಅನ್ವಯಿಸಲು ಪಂಚಾಯಿತಿಗೆ ಅಡ್ಡಿಯೇನೂ ಇಲ್ಲ.

ಅಂಬಿಕಾನಗರದವರಿಗೆ ವಿದ್ಯುದಾಗಾರದ ಕಾರ್ಯವೈಖರಿ ಹೊಸದಲ್ಲ. ಪಾಳಿಯಲ್ಲಿ ನಡೆದುದೆಲ್ಲವೂ ವೇಳೆಯೊಂದಿಗೆ ದಿನಚರಿ ಪುಸ್ತಕದಲ್ಲಿ ದಾಖಲಾಗುತ್ತದೆ. ಮುಂದಿನ ಪಾಳಿಯವರು ಅದನ್ನು ಓದಿಯೇ ಕೆಲಸ ವಹಿಸಿಕೊಳ್ಳುತ್ತಾರೆ. ಪಂಚಾಯಿತಿ ಕಚೇರಿಗೂ ಅಂತಹ ಒಂದು ವಹಿ ಬೇಕು. ಸಕಾಲ ಪಟ್ಟಿಯಲ್ಲಿರುವ ಸೇವೆಯಾಗಲಿ, ಕೊಳವೆಬಾವಿ ಕೆಟ್ಟ ದೂರಾಗಲಿ, ಬೀದಿದೀಪದ ಮಾತಾಗಲಿ, ಬಂದವರ ಹೆಸರು, ಊರು, ಕೇಳಿಕೆ, ಕೊಟ್ಟ ಉತ್ತರ, ದಿನಾಂಕ ಇಷ್ಟನ್ನು ಅದರಲ್ಲಿ ಬರೆದು, ಮೊಹರು ಹಾಕಿದ ಚೀಟಿಯನ್ನು ಕೊಡಬೇಕು. ದಾಖಲೆ ಸಾಲದಿದ್ದರೆ ಯಾವ ದಾಖಲೆ ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆಯಬೇಕು. ಅಂತರ್ಜಾಲ ಸಂಪರ್ಕ ಕಡಿದ ದಿನ ಕಾಗದದಲ್ಲಿ ಸ್ವೀಕರಿಸಿ, ಸಂಪರ್ಕ ಬಂದೊಡನೆ ಗಣಕಕ್ಕೆ ಸೇರಿಸಬೇಕು. 2016ರಿಂದ ಬಾಪೂಜಿ ಸೇವಾ ಕೇಂದ್ರಗಳು ಪಂಚಾಯಿತಿ ಕಟ್ಟಡದಲ್ಲಿಯೇ ಕಂದಾಯ ಸೇವೆಗಳನ್ನು ಒದಗಿಸಲು ಆರಂಭಿಸಿರುವುದರಿಂದ ಈ ಶಿಸ್ತಿನ ಅಗತ್ಯ ಇನ್ನೂ ಹೆಚ್ಚಿದೆ.

ಅಭಿವೃದ್ಧಿ ಅಧಿಕಾರಿಯ ಮೇಲೆ ಈಗಾಗಲೇ ಹತ್ತು ಯೋಜನೆಗಳ ಹೊರೆಯಿದೆ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ವಹಿ ಸಿಬ್ಬಂದಿಯನ್ನೂ ಕಾಯುತ್ತದೆ. ತಡವಾದುದು ಪಂಚಾಯಿತಿಯಲ್ಲಿಯೋ, ನಾಡಕಚೇರಿಯಲ್ಲಿಯೋ ಎಂಬುದು ದಿನಾಂಕದಿಂದಲೇ ತಿಳಿಯುತ್ತದೆ. ಮಾಡದ ತಪ್ಪಿಗೆ ಬೈಗುಳ ಕೇಳುವುದು ತಪ್ಪುತ್ತದೆ.

ಇನ್ನೊಂದು ಸಂಕೋಚವನ್ನೂ ಬಾಯಿಬಿಟ್ಟು ಹೇಳಬೇಕಾಗಿದೆ. ಸದಸ್ಯರೊಬ್ಬರು ಫೋನ್ ಮಾಡಿದರೆ ಕೆಲಸವಾಗುತ್ತದೆ ಎಂಬ ನಂಬಿಕೆ ಊರಿನಲ್ಲಿ ಸದಸ್ಯರಿಗೆ ಮಾನ ತರುತ್ತದೆ. ಚೀಟಿಯಿಂದಲೇ ಕೆಲಸವಾಗತೊಡಗಿದರೆ ಆ ಮಾನ ಸ್ವಲ್ಪ ಕುಗ್ಗಬಹುದು. ಆದರೆ ಸದಸ್ಯರ ಪರಿಚಯವಿಲ್ಲದ ಮನೆ, ಅವರಿಗೆ ಮತ ಹಾಕದ ಮನೆ, ದಡ್ಡಿಯ ಕೊನೆಯ ಮನೆ ಇವುಗಳಿಗೆ ಫೋನ್ ತಲುಪುವುದಿಲ್ಲ, ಚೀಟಿ ತಲುಪುತ್ತದೆ.

ವಹಿಯನ್ನು ತೆರೆಯಲು ಮೇಲಿನಿಂದ ಹೊಸ ಆದೇಶ ಬರಲೆಂದು ಕಾಯಬೇಕಿಲ್ಲ. ಸಾಮಾನ್ಯ ಸಭೆಯ ಒಂದು ನಿರ್ಣಯ ಸಾಕು. ಸದಸ್ಯರು ಪ್ರತಿ ಸಭೆಯಲ್ಲಿ ಬಾಕಿ ಪುಟಗಳನ್ನು ಓದಿಸಿ ಕೇಳಬಹುದು. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕಾದ ಗ್ರಾಮ ಸಭೆಯಲ್ಲಿ ಅದೇ ವಹಿಯನ್ನು ಮೇಜಿನ ಮೇಲಿಟ್ಟು, ಬಾಕಿ ಉಳಿದ ಅರ್ಜಿಗಳನ್ನು ಊರುವಾರು ಓದಬಹುದು. ತಮ್ಮ ಅರ್ಜಿ ವಹಿಯಲ್ಲಿಯೇ ಇಲ್ಲವೆಂದು ಯಾರಾದರೂ ಎದ್ದು ನಿಂತರೆ, ಅದನ್ನು ಅಂದೇ, ಅಲ್ಲಿಯೇ ಬರೆದುಕೊಂಡು ಚೀಟಿ ಕೊಡಬೇಕು.