ಮಳೆಗಾಲಕ್ಕೆ ಮುಚ್ಚುವ ಮನೆ

ಹಿಮ ಬೀಳುವ ದೇಶಗಳಲ್ಲಿ ಹಳ್ಳಿಯ ವಿಶ್ರಾಂತಿಗೃಹವನ್ನು ಚಳಿಗಾಲಕ್ಕೆಂದು ಮುಚ್ಚುತ್ತಾರೆ. ನಮ್ಮಲ್ಲಿ ಚಳಿಗೆ ಹೆದರಿ ಮನೆ ಬಿಡುವ ಪ್ರಸಂಗವಿಲ್ಲ. ಆದರೆ ರಾಯಬಾಗ ತಾಲೂಕಿನ ದಿಗ್ಗೇವಾಡಿಯಂತಹ ಕೃಷ್ಣಾತೀರದ ಊರಿನಲ್ಲಿ ತೋಟದ ಮನೆಯುಳ್ಳವರು ಮೃಗಶಿರ ಮಳೆಗೆ ಮುಂಚೆ ಅದನ್ನು ಮುಚ್ಚುವದು ಒಳ್ಳೆಯದು. ಬೇಸಿಗೆಯ ರಜೆಗೆ ಹೋಗಿರಲು ಅಂಥದೊಂದು ಮನೆ ನಮಗೂ ಇದೆ.

ಮುಚ್ಚುವದೆಂದರೆ ಕೀಲಿ ಹಾಕುವದೆಂದೇ ನಾನು ತಿಳಿದಿದ್ದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಈ ತಿಳಿವಳಿಕೆಯನ್ನು ತಿದ್ದಿದಳು. ನಮ್ಮ ಭಾಗದಲ್ಲಿ ಮಳೆ ಕಡಿಮೆ. ಆದರೆ ಮಹಾಬಳೇಶ್ವರ, ಕೊಯ್ನೆಗಳ ಘಟ್ಟದಲ್ಲಿ ಬಿದ್ದ ನೀರು ವಾರಣೆ, ಪಂಚಗಂಗೆ, ದೂಧಗಂಗೆಗಳನ್ನು ಕೂಡಿಕೊಂಡು ನಮ್ಮ ಹೊಸ್ತಿಲಿಗೆ ಬರುತ್ತದೆ. ನಮ್ಮೂರ ಆಕಾಶವನ್ನು ನೋಡಿ ಹೊಳೆಯನ್ನು ಅಳೆಯಬಾರದು.

ನೀರಿಳಿದ ಮೇಲೆ ನೋಡಿದರೆ, ತಂದೆಯವರ ಸಾಗವಾನಿಯ ಮೇಜು ರಾಡಿಯಲ್ಲಿ ಮಗುಚಿ ಬಿದ್ದಿತ್ತು. ಖಾನೆಯೊಳಗಿನ ಅವರ ಲೆಕ್ಕದ ವಹಿಗಳು ಮುದ್ದೆಯಾಗಿದ್ದವು. "ವಹಿ ಹ್ವಾದೂವು, ಮೇಜರೆ ಉಳಸಪಾ" ಎಂದರು ತಾಯಿಯವರು. ನಾನು ಅವಸರದಿಂದ ಅದನ್ನು ಬಿಸಿಲಿಗಿಟ್ಟೆ. ಮೂರನೆಯ ದಿನ ಮೇಲಿನ ಹಲಗೆ ಸೀಳಿತು. ಬಡಿಗೇರ ಕಾಕಾ ಬಂದು ನೋಡಿ, "ಮಾಸ್ತರ, ಹೊಳಿ ಇದನ್ನ ತೋಯಿಸಿತ್ತರಿ, ಸೀಳಿದವರು ನೀವು" ಎಂದರು.

ಅವರಿಂದ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ರಾಡಿ ಒಣಗುವ ಮುಂಚೆ ತಿಳಿನೀರಿನಿಂದ ತೊಳೆಯಿರಿ. ಇಟ್ಟಿಗೆಗಳ ಮೇಲಿಟ್ಟು, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಲು ಬಿಡಿರಿ. ಹೊರಮೈ ಬೇಗ ಒಣಗಿ ಒಳಗು ಹಸಿಯಾಗಿದ್ದರೆ ಮರ ಸೀಳುತ್ತದೆ. ಉಬ್ಬಿದ ಖಾನೆಯನ್ನು ಜಗ್ಗಬೇಡಿರಿ. ಹಿಂದಿನ ಹಲಗೆಯನ್ನು ಬಿಚ್ಚಿ ಒಳಗಿನಿಂದ ದೂಡಿರಿ. ಪೂರ್ತಿ ಒಣಗಿದ ಮೇಲೆಯೇ ಅಂಟು, ಅನಂತರ ಉಪ್ಪುಕಾಗದ, ಕೊನೆಗೆ ತೆಳ್ಳಗೆ ಅಗಸೆ ಎಣ್ಣೆ. ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಎಸೆಯದೆ ಹರವಿ ಒಣಗಿಸಿರಿ; ಮುದ್ದೆಯಲ್ಲಿ ಕಾವೇರಿ ಅದು ತಾನಾಗಿಯೇ ಹೊತ್ತಿಕೊಳ್ಳುವದುಂಟು.

ಈಗ ನಾವು ಮನೆ ಮುಚ್ಚುವ ಕ್ರಮವೇ ಬೇರೆ. ಕಾಗದಪತ್ರಗಳು ಪೇಟೆಯ ಮನೆಗೆ, ಹಾಸಿಗೆಗಳು ಅಟ್ಟಕ್ಕೆ ಹೋಗುತ್ತವೆ. ಗ್ಯಾಸಿನ ಸಿಲಿಂಡರು ನಮ್ಮೊಡನೆ ಬರುತ್ತದೆ. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಬಂದು ಮಾಡುತ್ತೇವೆ. ಕೀಲಿ ಎಲ್ಲಕ್ಕೂ ಕಡೆಗೆ.

ಮೇಜು ಈಗ ಪೇಟೆಯ ಮನೆಯಲ್ಲಿದೆ. ಸೀಳಿದಲ್ಲಿ ಕಾಕಾ ಸಾಗವಾನಿಯ ಪಟ್ಟಿಯನ್ನು ಕೂಡಿಸಿದ್ದಾರೆ, ಗುರುತು ಉಳಿದಿದೆ. ಬಣ್ಣ ಬಳಿದು ಮುಚ್ಚೋಣವೆಂದರೆ ತಾಯಿಯವರು ಒಪ್ಪಲಿಲ್ಲ. ಈ ಭಾಷಣವನ್ನು ಅದರ ಮೇಲೆಯೇ ಬರೆದೆ. ಪಟ್ಟಿ ಬಂದಲ್ಲಿ ಲೇಖನಿ ತುಸು ಎಡವುತ್ತದೆ. ಆಗ ನಾನೂ ಕೈಯನ್ನು ನಿಧಾನಿಸುತ್ತೇನೆ.