ಬೀಗ ತೆಗೆದ ಫೋನು ಎಲ್ಲ ಸಿಮ್ಮಿಗೂ ನಡೆಯುತ್ತದೆಯೇ?

(ಸಂಜೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ಈ ಹೊತ್ತು ಮೊಬೈಲ್ ಫೋನಿನ ಬಗ್ಗೆ ನಾಲ್ಕು ಮಾತು ಆಡೋಣ. ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಫೋನಿದೆ. ಕೆಲವರು ಹೊಸದು ಕೊಳ್ಳಲು ದುಡ್ಡು ಕೂಡಿಸುತ್ತಿದ್ದೀರಿ. ಕೆಲವರು ಪೇಟೆಯಲ್ಲಿ ಹಳೆಯ ಫೋನು ನೋಡಿಟ್ಟಿದ್ದೀರಿ. ಇನ್ನು ಕೆಲವರಿಗೆ ಪರದೇಶದಲ್ಲಿರುವ ಮಕ್ಕಳು ಫೋನು ಕಳಿಸುತ್ತಾರೆ.

ಮಾರುವವರು ಒಂದು ಮಾತು ಹೇಳುತ್ತಾರೆ: "ಇದು ಅನ್‌ಲಾಕ್ ಫೋನು. ಯಾವ ಕಂಪನಿ ಸಿಮ್ ಹಾಕಿದರೂ ನಡೆಯುತ್ತೆ."

ಈ ಮಾತು ನಿಜವೇ? ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ ಇಪ್ಪತ್ತು ದಿನದ ಕೂಲಿ ನೀರಿಗೆ ಹೋಗುತ್ತದೆ. ಆ ಅರ್ಧವನ್ನೇ ಇವತ್ತು ತಿಳಿಯೋಣ.

ಇದು ಯಾವ ಬೀಗ?

ನಾವು ಬೆರಳಿಟ್ಟು, ಅಂಕಿ ಒತ್ತಿ ಫೋನು ತೆಗೆಯುತ್ತೇವೆ. ಅದು ಪರದೆಯ ಬೀಗ. ನಮ್ಮ ಕೈಯಲ್ಲೇ ಇರುವ ಬೀಗ. ನಾನು ಹೇಳುವುದು ಅದಲ್ಲ.

ಇನ್ನೊಂದು ಬೀಗ ಇದೆ. ಅದನ್ನು ಕಂಪನಿ ಹಾಕುತ್ತದೆ. "ನಮ್ಮ ಸಿಮ್ ಮಾತ್ರ ನಡೆಯಲಿ, ಬೇರೆಯವರದು ಬೇಡ" ಅಂತ ಹಾಕುವ ಬೀಗ. ಅಮೆರಿಕದಲ್ಲಿ ಕಂಪನಿಗಳು ಕಂತಿನ ಮೇಲೆ ಫೋನು ಕೊಡುತ್ತವೆ. ಕಂತು ತೀರುವ ತನಕ ಈ ಬೀಗ ಇರುವುದುಂಟು. ನಮ್ಮ ದೇಶದಲ್ಲಿ ಅಂಗಡಿಯಲ್ಲಿ ಸಿಗುವ ಸ್ಮಾರ್ಟ್‌ಫೋನಿಗೆ ಸಾಮಾನ್ಯವಾಗಿ ಈ ಬೀಗ ಇರುವುದಿಲ್ಲ. ಆದರೆ 2017ರಲ್ಲಿ ಬಂದ ಜಿಯೋ ಫೋನ್ ಎಂಬ ಗುಂಡಿ ಫೋನಿನಲ್ಲಿ ಜಿಯೋ ಸಿಮ್ ಮಾತ್ರ ನಡೆಯುತ್ತಿತ್ತು.

ಈ ಬೀಗ ಇಲ್ಲದ ಫೋನೇ ಅನ್‌ಲಾಕ್ ಫೋನು. ಅದು ಯಾವ ಕಂಪನಿಯ ಸಿಮ್ಮನ್ನೂ ಬೇಡ ಅನ್ನುವುದಿಲ್ಲ. ಆದರೆ ಬೇಡ ಅನ್ನದಿರುವುದು ಬೇರೆ, ನಡೆಯುವುದು ಬೇರೆ.

ರೇಡಿಯೋ ನೆನಪು ಮಾಡಿಕೊಳ್ಳಿ

ಹಿಂದೆ ಮನೆಯಲ್ಲಿ ರೇಡಿಯೋ ಇತ್ತಲ್ಲವೇ? ಮುಳ್ಳು ತಿರುಗಿಸಿ ನಿಲಯ ಹಿಡಿಯುತ್ತಿದ್ದೆವು. ಕೆಲವು ರೇಡಿಯೋಗಳಲ್ಲಿ ಎಫ್‌ಎಂ ಇರಲಿಲ್ಲ. ಎಷ್ಟು ತಿರುಗಿಸಿದರೂ ಎಫ್‌ಎಂ ಬರುತ್ತಿರಲಿಲ್ಲ. ಆ ರೇಡಿಯೋಗೆ ಯಾರಾದರೂ ಬೀಗ ಹಾಕಿದ್ದರೇ? ಇಲ್ಲ. ಎಫ್‌ಎಂ ಹಿಡಿಯುವ ಭಾಗವೇ ಅದರೊಳಗೆ ಇರಲಿಲ್ಲ.

ಫೋನೂ ಹಾಗೆಯೇ. ಟವರಿನಿಂದ ಅಲೆಗಳು ಬರುತ್ತವೆ. ಒಂದೊಂದು ಬಗೆಯ ಅಲೆಗೆ ಒಂದೊಂದು ಸಂಖ್ಯೆ ಇದೆ. ಅದಕ್ಕೆ ಬ್ಯಾಂಡ್ ಅನ್ನುತ್ತಾರೆ. ನಮ್ಮ ಕಂಪನಿ ಕಳಿಸುವ ಬ್ಯಾಂಡನ್ನು ಹಿಡಿಯುವ ಭಾಗ ಫೋನಿನೊಳಗೆ ಇರಬೇಕು.

ಜಿಯೋ ಕಂಪನಿಯ 4ಜಿ ನಡೆಯುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಬಿಎಸ್‌ಎನ್‌ಎಲ್ 4ಜಿಗೆ ಮುಖ್ಯವಾದವು ಬ್ಯಾಂಡ್ 1 ಮತ್ತು 28. ಬ್ಯಾಂಡ್ 28 ಅಂದರೆ 700 ಮೆಗಾಹರ್ಟ್ಸ್ ಅಲೆ. ಈ ಅಲೆ ದೂರ ಹೋಗುತ್ತದೆ. ಗೋಡೆ ದಾಟಿ ಒಳಗೂ ಬರುತ್ತದೆ. ಹಾಗಾಗಿ ಹಳ್ಳಿಗಾಡಿಗೆ ಇದು ಬಹಳ ಉಪಯೋಗ.

ಈಗ ಮಲೆನಾಡಿನ ಒಂದು ಹಳ್ಳಿ ಅಂದುಕೊಳ್ಳಿ. ಅಲ್ಲಿ ಇರುವುದು ಬಿಎಸ್‌ಎನ್‌ಎಲ್ ಟವರು ಒಂದೇ. ಅದರ 4ಜಿ ಬರುವುದು 700ರ ಅಲೆಯಲ್ಲಿ. ಒಬ್ಬ ತಾಯಿ ಪೇಟೆಯಲ್ಲಿ ಹಳೆಯ ಅನ್‌ಲಾಕ್ ಫೋನು ಕೊಂಡಳು. ಅಂಗಡಿಯಲ್ಲಿ ಜಿಯೋ ಸಿಮ್ ಹಾಕಿ ತೋರಿಸಿದರು. ಚೆನ್ನಾಗಿ ನಡೆಯಿತು. ಊರಿಗೆ ಬಂದು ತನ್ನ ಬಿಎಸ್‌ಎನ್‌ಎಲ್ ಸಿಮ್ ಹಾಕಿದಳು. 4ಜಿ ಬರಲೇ ಇಲ್ಲ. ಅಂಗಡಿಯವನು ಸುಳ್ಳು ಹೇಳಿದನೇ? ಇಲ್ಲ. ಫೋನಿಗೆ ಬೀಗ ಇರಲಿಲ್ಲ. ಆದರೆ ಬ್ಯಾಂಡ್ 28 ಹಿಡಿಯುವ ಭಾಗವೂ ಅದರಲ್ಲಿ ಇರಲಿಲ್ಲ.

ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ 108ಕ್ಕೆ ಕರೆ ಮಾಡಬೇಕು. ಆಗ ಫೋನು ಟವರನ್ನೇ ಹಿಡಿಯದಿದ್ದರೆ ಹೇಗೆ? ಅದಕ್ಕೇ ಇದು ಬರೀ ದುಡ್ಡಿನ ಮಾತಲ್ಲ.

ತಲೆಮಾರೂ ಹೊಂದಬೇಕು

2ಜಿ, 3ಜಿ, 4ಜಿ, 5ಜಿ ಅಂತ ಕೇಳಿದ್ದೀರಿ. ಇವು ಫೋನು ಸೇವೆಯ ತಲೆಮಾರುಗಳು. 2016ರಲ್ಲಿ ಶುರುವಾದ ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಅದರಲ್ಲಿ ಮಾತೂ 4ಜಿಯ ಮೇಲೆಯೇ ಹೋಗುತ್ತದೆ. ಇದಕ್ಕೆ ವೋಲ್ಟಿ ಅನ್ನುತ್ತಾರೆ. ಏರ್‌ಟೆಲ್ ತನ್ನ 3ಜಿಯನ್ನು 2020ರ ಹೊತ್ತಿಗೆ ನಿಲ್ಲಿಸಿತು. ಅಂದ ಮೇಲೆ ಬರೀ 3ಜಿ ತನಕ ಇರುವ ಹಳೆಯ ಫೋನಿಗೆ ಜಿಯೋ ಸಿಮ್ ಹಾಕಿದರೆ ಏನೂ ನಡೆಯದು. ಏರ್‌ಟೆಲ್ ಸಿಮ್ ಹಾಕಿದರೆ 2ಜಿಯಲ್ಲಿ ಮಾತು ಆಡಬಹುದು, ವಿಡಿಯೋ ನೋಡಲಾಗದು.

ಪರದೇಶದ ಫೋನಿನಲ್ಲಿ ಇನ್ನೊಂದು ತೊಡಕು ಬರುತ್ತದೆ. 4ಜಿ ಇರುತ್ತದೆ, ಇಂಟರ್‌ನೆಟ್ ಬರುತ್ತದೆ. ಆದರೆ ನಮ್ಮ ಕಂಪನಿಯ ವೋಲ್ಟಿ ಅದಕ್ಕೆ ಹೊಂದದಿದ್ದರೆ ಕರೆ ಹೋಗುವುದಿಲ್ಲ. ಅಮೆರಿಕದಲ್ಲಿ 2022ರಿಂದ ಮಾರಿದ ಐಫೋನ್ 14ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಅದಕ್ಕೆ ಇ-ಸಿಮ್ ಬೇಕು. ಮಗನಿಗೆ ಈ ಮಾತನ್ನು ಮೊದಲೇ ತಿಳಿಸಿ.

ಕಳವಿನ ಫೋನಾದರೆ?

ಪ್ರತಿ ಫೋನಿಗೂ 15 ಅಂಕಿಯ ಗುರುತಿನ ಸಂಖ್ಯೆ ಇದೆ. ಅದಕ್ಕೆ ಐಎಂಇಐ ಅನ್ನುತ್ತಾರೆ. ಕಳುವಾದ ಫೋನನ್ನು ಈ ಸಂಖ್ಯೆಯಿಂದ ತಡೆಹಿಡಿಯಬಹುದು. ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆ 2023ರಿಂದ ಇಡೀ ದೇಶದಲ್ಲಿ ಈ ಕೆಲಸ ಮಾಡುತ್ತಿದೆ. ಹಾಗೆ ತಡೆದ ಫೋನು ನಮ್ಮ ದೇಶದ ಯಾವ ಕಂಪನಿಯಲ್ಲೂ ನಡೆಯದು.

ನೀವು ಅಂಕಿ ಕಲಿತಿದ್ದೀರಿ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. *#06# ಒತ್ತಿ. 15 ಅಂಕಿ ಪರದೆಯ ಮೇಲೆ ಬರುತ್ತವೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ ಬರುತ್ತವೆ. ಡಬ್ಬಿಯ ಮೇಲೆ, ರಸೀದಿಯಲ್ಲಿ ಅದೇ ಅಂಕಿ ಇದೆಯೇ? ಒಂದೊಂದಾಗಿ ಬೆರಳಿಟ್ಟು ಓದಿ. ಆಮೇಲೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ಸಂದೇಶ ಕಳಿಸಿ. ಉತ್ತರದಲ್ಲಿ "ಬ್ಲ್ಯಾಕ್‌ಲಿಸ್ಟ್" ಅಥವಾ "ಡೂಪ್ಲಿಕೇಟ್" ಅಂತ ಬಂದರೆ ಆ ಫೋನು ಬೇಡವೇ ಬೇಡ.

ಕೊಳ್ಳುವ ಮೊದಲು ಏನು ಮಾಡಬೇಕು?

1. ನಮ್ಮ ಮನೆ, ಹೊಲದ ಹತ್ತಿರ ಯಾವ ಕಂಪನಿಯ ಟವರು ಚೆನ್ನಾಗಿ ಸಿಗುತ್ತದೆ? ಅಕ್ಕಪಕ್ಕದವರನ್ನು ಕೇಳಿ.

2. ಆ ಕಂಪನಿಯ ಬ್ಯಾಂಡ್ ಸಂಖ್ಯೆ ಈ ಫೋನಿನಲ್ಲಿ ಇದೆಯೇ? ಡಬ್ಬಿಯ ಮೇಲೆ ಇಲ್ಲವೇ ಜೊತೆಗಿರುವ ಕಾಗದದಲ್ಲಿ ನೋಡಿ. ಗೊತ್ತಾಗದಿದ್ದರೆ ಓದಿ ಹೇಳಲು ಅಂಗಡಿಯವರನ್ನೇ ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ನಮ್ಮದು.

3. ನಿಮ್ಮ ಸಿಮ್ ಹಾಕಿಯೇ ಪರೀಕ್ಷೆ ಮಾಡಿ. ಕರೆ ಮಾಡಿ. ಕರೆ ತರಿಸಿಕೊಳ್ಳಿ. ಇಂಟರ್‌ನೆಟ್ ತೆರೆದು ನೋಡಿ.

4. ಊರಿನಲ್ಲಿ ನಡೆಯದಿದ್ದರೆ ವಾಪಸು ತಗೋತೀರಾ ಅಂತ ಕೇಳಿ. ಒಪ್ಪಿದರೆ ರಸೀದಿಯ ಮೇಲೆ ಬರೆಸಿಕೊಳ್ಳಿ.

5. ಹಳೆಯ ಫೋನಾದರೆ, ಮೊದಲಿನವರ ಖಾತೆ ಪೂರ್ತಿ ತೆಗೆಸಿ. ಇಲ್ಲದಿದ್ದರೆ ಮುಂದೆ ಫೋನು ಅವರ ಪಾಸ್‌ವರ್ಡ್ ಕೇಳುತ್ತದೆ.

ಕಂಪನಿ ಬದಲಾದರೆ ನಂಬರು ಹೋಗುತ್ತದೆಯೇ?

ಬಹಳ ಜನರಿಗೆ ಈ ಅಂಜಿಕೆ ಇದೆ. ಬ್ಯಾಂಕಿಗೆ, ರೇಷನ್ ಕಾರ್ಡಿಗೆ, ಆಧಾರ್‌ಗೆ ಕೊಟ್ಟ ನಂಬರು ಅಲ್ಲವೇ? ಹೆದರಬೇಡಿ. 2011ರ ಜನವರಿ 20ರಿಂದ ಇಡೀ ದೇಶದಲ್ಲಿ ನಂಬರು ಉಳಿಸಿಕೊಂಡು ಕಂಪನಿ ಬದಲಿಸಬಹುದು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರು ಬರೆದು 1900ಕ್ಕೆ ಕಳಿಸಬೇಕು. ಒಂದು ಗುರುತಿನ ಸಂಕೇತ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ನಡೆಯುತ್ತದೆ. ಅಷ್ಟರೊಳಗೆ ಆಧಾರ್ ತೆಗೆದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ. ಆ ಸಂಕೇತವನ್ನು ಅಲ್ಲಿ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ.

ಕೊನೆಯದಾಗಿ ಮೂರು ಮಾತು ನೆನಪಿಡಿ. ಬೀಗ ಇರಬಾರದು. ಬ್ಯಾಂಡ್ ಇರಬೇಕು. ಐಎಂಇಐ ಸರಿ ಇರಬೇಕು. ಈ ಮೂರೂ ಇದ್ದು, ನಿಮ್ಮ ಊರಿನಲ್ಲಿ ನಿಮ್ಮದೇ ಸಿಮ್ಮಿನಿಂದ ಮಾತು ಕೇಳಿಸಿದರೆ ಆ ಫೋನು ನಿಮಗೆ ಸರಿ.

ಮುಂದಿನ ಸೋಮವಾರ ಬರುವಾಗ ಎಲ್ಲರೂ ನಿಮ್ಮ ಫೋನಿನ 15 ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಫೋನು ಕಳೆದರೆ ಆ ಅಂಕಿಯೇ ನಿಮಗೆ ಆಧಾರ. ಓದಿ ನೋಡೋಣ, ಕೇಳಿ ತಿಳಿಯೋಣ, ಆಮೇಲೆ ದುಡ್ಡು ಕೊಡೋಣ.